ದಳಪತಿಗಳು ಓಡಿಹೋಗಬಾರದೇಕೆ?

ಪ್ರಶ್ನೆ: ಒಂದು ವರ್ಷದಿಂದ ವಾರಕ್ಕೊಂದು ಕಂತಿನಂತೆ ಮಾಂತ್ರಿಕ ಲೋಕದ ಕಥೆಯೊಂದನ್ನು ಬರೆಯುತ್ತಿದ್ದೇನೆ. ಈಗ 41ನೆಯ ಕಂತಿನಲ್ಲಿದ್ದೇನೆ. ಅಗ್ನಿಕೇತು ಎಂಬ ಮಾಂತ್ರಿಕ ದೊರೆ ಅದರ ಖಳನಾಯಕ. ಭೂಮಂಡಲವನ್ನೆಲ್ಲ ಆಳಬೇಕೆಂಬುದು ಅವನ ಗುರಿ. ಅವನಿಗೆ ಏಳು ಮಂದಿ ದಳಪತಿಗಳಿದ್ದರು. ಕೆಲಸ ಕೆಟ್ಟಾಗಲೆಲ್ಲ ಒಬ್ಬನನ್ನು ಸುಟ್ಟು ಬೂದಿ ಮಾಡುತ್ತಾ ಬಂದಿದ್ದಾನೆ. ಈಗ ನಾಲ್ವರು ಉಳಿದಿದ್ದಾರೆ. ಮೊದಲ ದಳಪತಿ ಸತ್ತಾಗ ಓದುಗರು ಬೆಚ್ಚಿಬಿದ್ದಿದ್ದರು. ಮೂರನೆಯವನು ಸತ್ತಾಗ ಕೇಳತೊಡಗಿದರು: ಉಳಿದವರು ಓಡಿಹೋಗಬಾರದೇಕೆ? ನಾಲ್ವರೂ ಸೇರಿ ಅವನನ್ನೇ ಮುಗಿಸಬಾರದೇಕೆ? ಅಷ್ಟಕ್ಕೂ ಜಗತ್ತನ್ನು ಆಳಿ ಅವನಿಗೆ ಆಗಬೇಕಾದ್ದಾದರೂ ಏನು? ಯಾವುದಕ್ಕೂ ನನ್ನಲ್ಲಿ ಉತ್ತರವಿಲ್ಲ. ಹಿಂದಿನ ಕಂತುಗಳನ್ನು ಈಗ ತಿದ್ದುವಂತೆಯೂ ಇಲ್ಲ. ಏನು ಮಾಡಲಿ?

ಉತ್ತರ: ನಿಮ್ಮ ಓದುಗರ ಮೂರು ಪ್ರಶ್ನೆಗಳಲ್ಲಿ ಕೊನೆಯದನ್ನು ಮೊದಲು ಎತ್ತಿಕೊಳ್ಳುತ್ತೇನೆ. ಅದು ಬಿಡಿಸಿಕೊಂಡರೆ ಉಳಿದೆರಡರ ಗಂಟೂ ಸಡಿಲವಾಗುತ್ತದೆ.

ಜಗತ್ತನ್ನು ಆಳುವುದು ಯಾರ ಎದೆಯಾಳದ ಆಸೆಯೂ ಅಲ್ಲ. ಬೇರೊಂದು ಆಸೆ ಈಡೇರಲೆಂದು ಮನುಷ್ಯ ಹಿಡಿಯುವ ದಾರಿ ಅದು. ಆ ಬೇರೊಂದು ಆಸೆ ಸಾಮಾನ್ಯವಾಗಿ ತೀರ ಚಿಕ್ಕದು, ಬಾಯಿಬಿಟ್ಟು ಹೇಳಲು ನಾಚಿಕೆಯಾಗುವಂಥದ್ದು. ಖಳ ಅದನ್ನು ತನ್ನವರಿಂದಲೇ ಮುಚ್ಚಿಡುತ್ತಾನೆ, ಅವರಿಗೆ ಬೇರೊಂದು ಮಾತು ಕೊಟ್ಟಿರುತ್ತಾನೆ. ತನಗೆ ಬೇಕಾದದ್ದಕ್ಕೂ ಅವರಿಗೆ ಕೊಟ್ಟ ಮಾತಿಗೂ ನಡುವೆ ಒಂದು ಬಿರುಕಿರುತ್ತದೆ, ಕಂತುಗಳಲ್ಲಿ ಬೆಳೆಯುವ ಕಥೆ ಬದುಕುವುದು ಆ ಬಿರುಕಿನೊಳಗೆ. ನಿಮ್ಮ ಅಗ್ನಿಕೇತುವಿನಲ್ಲಿ ಬಿರುಕೇ ಇಲ್ಲ. ಅವನಿಗೆ ಬೇಕಾಗಿರುವುದೂ ಅವನು ಸಾರುತ್ತಿರುವುದೂ ಒಂದೇ. ಆದ್ದರಿಂದ ಅವನ ದಳಪತಿಗಳಿಗೆ ನಂಬಲು ಏನೂ ಇಲ್ಲ, ಮುಂದೊಂದು ದಿನ ಕಂಡುಹಿಡಿಯಲು ಕೂಡ ಏನೂ ಇಲ್ಲ.

ಒಂದು ಉದಾಹರಣೆಯನ್ನು ಬಿಚ್ಚಿ ನೋಡೋಣ. ನೀವೂ ನಿಮ್ಮ ಓದುಗರೂ ಓದಿರಬಹುದಾದದ್ದನ್ನೇ ಆರಿಸಿಕೊಳ್ಳುತ್ತೇನೆ: ಜೆ. ಕೆ. ರೌಲಿಂಗ್ ಅವರ ಹ್ಯಾರಿ ಪಾಟರ್ ಸರಣಿ. ಅದು 1997ರಿಂದ 2007ರವರೆಗೆ ಏಳು ಸಂಪುಟಗಳಲ್ಲಿ ಬಂತು. ನಾಲ್ಕನೆಯ ಸಂಪುಟ 2000ದಲ್ಲಿ ಬಂದರೆ ಐದನೆಯದಕ್ಕೆ ಓದುಗರು 2003ರವರೆಗೆ ಕಾದರು. ಬರೆದು ಪ್ರಕಟಿಸಿದ್ದನ್ನು ತಿದ್ದಲಾಗದೆ ಅದರ ಮೇಲೆಯೇ ಮುಂದಿನದನ್ನು ಕಟ್ಟುತ್ತಾ ಹೋಗಬೇಕಾದ ನಿಮ್ಮ ಕಷ್ಟ ಆ ಲೇಖಕಿಗೂ ಇತ್ತು.

ಅದರ ಖಳ ವೊಲ್ಡೆಮಾರ್ಟ್ ತನ್ನ ಅನುಚರರಿಗೆ, ಅಂದರೆ ಡೆತ್ ಈಟರ್‌ಗಳಿಗೆ, ಕೊಟ್ಟ ಮಾತು ಸರಳವಾದದ್ದು. ಮಾಂತ್ರಿಕರ ಶುದ್ಧ ರಕ್ತ ಮೇಲು, ಮಂತ್ರ ತಿಳಿಯದ ಮಗಲ್‌ಗಳ ರಕ್ತ ಬೆರೆತವರು ಕೀಳು, ಹಳೆಯ ಮನೆತನಗಳಿಗೆ ಹಳೆಯ ಗೌರವವನ್ನು ಮರಳಿ ತಂದುಕೊಡುತ್ತೇನೆ. ಮಾಲ್‌ಫಾಯ್, ಬ್ಲ್ಯಾಕ್, ಲೆಸ್ಟ್ರೇಂಜ್ ಮನೆತನದವರು ಅವನ ಹಿಂದೆ ಬಂದದ್ದು ಈ ಮಾತು ಕೇಳಿ. ಅವನಿಗೆ ಬೇಕಾಗಿದ್ದದ್ದು ಬೇರೆ. ಅವನಿಗೆ ಸಾಯುವ ಭಯ. ಅವನ ಮೊದಲ ಹೆಸರು ಟಾಮ್ ರಿಡಲ್. ಲಂಡನ್ನಿನ ಅನಾಥಾಲಯದಲ್ಲಿ ಬೆಳೆದ ಆ ಹನ್ನೊಂದು ವರ್ಷದ ಹುಡುಗನಿಗೆ ತಾನು ಮಾಂತ್ರಿಕ ಎಂದು ತಿಳಿದ ದಿನ ಅವನು ಮಾಡಿದ ಮೊದಲ ಲೆಕ್ಕಾಚಾರಗಳಲ್ಲಿ ಒಂದನ್ನು ನೆನಪಿಸಿಕೊಳ್ಳಿ: ತನ್ನ ತಾಯಿಗೆ ಮಂತ್ರವಿದ್ಯೆ ಬರುತ್ತಿದ್ದಿರಲಾರದು, ಬರುತ್ತಿದ್ದರೆ ಅವಳು ಸಾಯುತ್ತಲೇ ಇರಲಿಲ್ಲ. ಸಾವೆಂದರೆ ಅವನ ಪಾಲಿಗೆ ಕೈಲಾಗದವರ ಪಾಡು. ತನ್ನ ಆತ್ಮವನ್ನೇ ಹೋಳು ಮಾಡಿ ವಸ್ತುಗಳಲ್ಲಿ ಅಡಗಿಸಿಡುವುದು, ಕಂಡವರನ್ನೆಲ್ಲ ಕೊಲ್ಲುವುದು, ಸಾಮ್ರಾಜ್ಯ ಕಟ್ಟುವುದು, ಎಲ್ಲವೂ ಈ ಒಂದು ಬೀಜದಿಂದ ಮೊಳೆತವು.

ಎರಡನೆಯ ಗುಟ್ಟು ಇನ್ನೂ ನಾಚಿಕೆಯದು. ಶುದ್ಧ ರಕ್ತದ ಬಾವುಟ ಹಿಡಿದವನ ತಂದೆಯೇ ಮಗಲ್. ಆ ತಂದೆಯ ಹೆಸರನ್ನು ಕಿತ್ತೊಗೆಯಲೆಂದೇ ಅವನು ತನ್ನ ಹೆಸರಿನ ಅಕ್ಷರಗಳನ್ನು ಕಲಸಿ ಹೊಸ ಹೆಸರು ಮಾಡಿಕೊಂಡದ್ದು. ನಾಲ್ಕನೆಯ ಸಂಪುಟದ ಸ್ಮಶಾನದ ದೃಶ್ಯವನ್ನು ಇನ್ನೊಮ್ಮೆ ಓದಿ. ಅವನು ತಂದೆಯ ಕಥೆಯನ್ನು ಹೇಳಿಕೊಳ್ಳುವುದು ಗೋರಿಗೆ ಕಟ್ಟಿಹಾಕಿದ ಹುಡುಗ, ಕಥಾನಾಯಕ ಹ್ಯಾರಿಯ ಮುಂದೆ, ಡೆತ್ ಈಟರ್‌ಗಳು ಬಂದು ಸೇರುವ ಮೊದಲು. ಅವರು ಬರುತ್ತಿದ್ದಂತೆ ಆ ಮಾತು ನಿಂತುಹೋಗುತ್ತದೆ, ತನ್ನ ನಿಜವಾದ ಕುಟುಂಬ ಬಂತು ಎನ್ನುತ್ತಾನೆ. ಶತ್ರುವಿಗೆ ಹೇಳಬಹುದಾದದ್ದನ್ನು ತನ್ನವರಿಗೆ ಹೇಳಲಾರ. ಮುಂದಿನ ಸಂಪುಟದಲ್ಲಿ ಹ್ಯಾರಿ ಈ ಸಂಗತಿಯನ್ನು ಡೆತ್ ಈಟರ್ ಬೆಲಾಟ್ರಿಕ್ಸ್ ಲೆಸ್ಟ್ರೇಂಜ್ ಮುಖಕ್ಕೆ ಎಸೆದಾಗ ಅವಳು ಕೆರಳಿ ಕೆಂಡವಾಗುತ್ತಾಳೆ. ಹೌದೇ ಎಂದು ಒಂದು ಕ್ಷಣವೂ ಯೋಚಿಸುವುದಿಲ್ಲ. ಹಿಂಬಾಲಕರು ಸತ್ಯವನ್ನು ಕೇಳಿಸಿಕೊಳ್ಳದಿರಲು ತಾವೇ ಎಷ್ಟು ಶ್ರಮಪಡುತ್ತಾರೆ ಎಂಬುದನ್ನು ತೋರಿಸುವ ದೃಶ್ಯವಾಗಿ ನನಗೆ ಇದು ತುಂಬ ಮುಖ್ಯ. ಮೋಸಹೋದವರಿಗೂ ಮೋಸದಲ್ಲಿ ಒಂದು ಪಾಲು ಬಂಡವಾಳವಿರುತ್ತದೆ.

ಈ ಬಿರುಕನ್ನು ಕೈಗೆ ಸಿಗುವ ವಸ್ತುವಿನಲ್ಲಿ ಇಟ್ಟದ್ದು ರೌಲಿಂಗ್ ಅವರ ದೊಡ್ಡ ಕುಶಲತೆ. ಆತ್ಮದ ಹೋಳು ಅಡಗಿದ್ದ ಹಳೆಯ ದಿನಚರಿಯೊಂದು ಲೂಸಿಯಸ್ ಮಾಲ್‌ಫಾಯ್ ಬಳಿ ಇತ್ತು. ಅದೇನೆಂದು ಅವನಿಗೆ ತಿಳಿಸಿರಲಿಲ್ಲ. ತನ್ನ ಸಣ್ಣ ಹಗೆಯೊಂದನ್ನು ತೀರಿಸಿಕೊಳ್ಳಲು ಅವನು ಅದನ್ನು ಒಬ್ಬ ಶಾಲಾ ಹುಡುಗಿಯ ಪುಸ್ತಕಗಳ ನಡುವೆ ಸೇರಿಸಿಬಿಟ್ಟ, ಅದು ನಾಶವಾಯಿತು. ಇನ್ನೊಂದು ಹೋಳಿದ್ದ ಬಟ್ಟಲನ್ನು ಬೆಲಾಟ್ರಿಕ್ಸ್ ತನ್ನ ಬ್ಯಾಂಕಿನ ಕೋಣೆಯಲ್ಲಿ ಕಾಯುತ್ತಿದ್ದಳು. ಅವಳಿಗೂ ಅದರೊಳಗೇನಿದೆಯೆಂದು ಹೇಳಿರಲಿಲ್ಲ. ಒಡೆಯನ ಪ್ರಾಣವೇ ಕೈಯಲ್ಲಿದ್ದರೂ ಇಬ್ಬರಿಗೂ ಅದರ ಅರಿವಿಲ್ಲ. ದಿನಚರಿ ಓದುಗರ ಕಣ್ಣಿಗೆ ಬಿದ್ದದ್ದು 1998ರ ಎರಡನೆಯ ಸಂಪುಟದಲ್ಲಿ. ಅದು ಏನೆಂದು ಪೂರ್ತಿ ತಿಳಿದದ್ದು 2005ರ ಆರನೆಯದರಲ್ಲಿ. ನೀವು 41 ಕಂತು ಬರೆದುಬಿಟ್ಟೆನಲ್ಲ ಎಂದು ಕೊರಗುತ್ತಿದ್ದೀರಿ. ಆ ಕಂತುಗಳಲ್ಲಿ ಅಗ್ನಿಕೇತು ಯಾರಿಗೆ ಏನೇನು ಕೊಟ್ಟಿದ್ದಾನೆ, ಯಾವ ಕೋಣೆಗೆ ಬೀಗ ಹಾಕಿದ್ದಾನೆ, ಯಾವ ಊರನ್ನು ವಿನಾಕಾರಣ ಬಿಟ್ಟುಕೊಟ್ಟಿದ್ದಾನೆ ಎಂದು ಒಂದು ಪಟ್ಟಿ ಮಾಡಿ. ಯೋಚಿಸದೆ ಬರೆದ ವಿವರಗಳಲ್ಲಿ ಒಂದೆರಡಾದರೂ ಹಿಂದಿನಿಂದ ಅರ್ಥ ತುಂಬಿಸಿಕೊಳ್ಳಲು ಕಾಯುತ್ತಿರುತ್ತವೆ. ನಾನು ವಾರಪತ್ರಿಕೆಯೊಂದರಲ್ಲಿ ಧಾರಾವಾಹಿಗಳ ಹಸ್ತಪ್ರತಿ ನೋಡುತ್ತಿದ್ದ ವರ್ಷಗಳಲ್ಲಿ ಇಂಥ ಪಟ್ಟಿ ಹಲವು ಲೇಖಕರನ್ನು ದಡ ಸೇರಿಸಿದ್ದನ್ನು ಕಂಡಿದ್ದೇನೆ.

ಇನ್ನು ಎರಡನೆಯ ಮಾತು, ಅವರು ಯಾಕೆ ಬಿಟ್ಟು ಹೋಗುವುದಿಲ್ಲ ಎಂಬುದು.

ಭಯದಿಂದ ಎಂದರೆ ಅರ್ಧ ಉತ್ತರವೂ ಆಗುವುದಿಲ್ಲ. ಬರಿಯ ಭಯದಿಂದ ಇರುವವನು ಬಾಗಿಲು ತೆರೆದ ಕೂಡಲೇ ಓಡುತ್ತಾನೆ. ಮಂತ್ರ ಹಾಕಿ ಮನಸ್ಸನ್ನೇ ವಶಮಾಡಿಕೊಳ್ಳುವುದು ಅದಕ್ಕಿಂತ ಬಡವಾದ ಉಪಾಯ. ತನ್ನ ಇಚ್ಛೆಯೇ ಇಲ್ಲದವನು ತಪ್ಪು ಮಾಡಲಾರ, ಪಶ್ಚಾತ್ತಾಪಪಡಲಾರ, ತಿರುಗಿಬೀಳಲಾರ. ಹ್ಯಾರಿ ಪಾಟರ್ ಲೋಕದಲ್ಲಿ ಇಂಥದೊಂದು ವಶೀಕರಣ ಮಂತ್ರವಿದೆ, ಇಂಪೀರಿಯಸ್ ಎಂದು ಅದರ ಹೆಸರು. ಅದರ ಒಳ್ಳೆಯ ಬಳಕೆ ನಡೆಯುವುದು ಸುಳ್ಳು ನೆಪವಾಗಿ. ಒಡೆಯ ಬಿದ್ದುಹೋದ ಮೇಲೆ ಲೂಸಿಯಸ್‌ನಂಥವರು ತಾವು ಆ ಮಂತ್ರದ ವಶದಲ್ಲಿದ್ದೆವು ಎಂದು ಹೇಳಿ ಶಿಕ್ಷೆಯಿಂದ ಪಾರಾದರು, ಮತ್ತೆ ಗಣ್ಯರಾಗಿ ಬದುಕಿದರು.

ನಿಮ್ಮ ಪ್ರಶ್ನೆಗೆ ತೀರ ಹತ್ತಿರದ ಪಾಠ ಇಲ್ಲಿದೆ. ವೊಲ್ಡೆಮಾರ್ಟ್ ಮೊದಲ ಮೂರು ಸಂಪುಟಗಳಲ್ಲಿ ದೇಹವೇ ಇಲ್ಲದವನು. ಹದಿಮೂರು ವರ್ಷ ಅವನು ಕಾಣೆಯಾಗಿದ್ದಾಗ ಯಾರು ಏನು ಮಾಡಿದರು ಎಂಬುದರ ಮೇಲೆ ಅನುಚರರೆಲ್ಲರ ಗುಣ ನಿರ್ಧಾರವಾಗುತ್ತದೆ. ಮರಳಿ ಬಂದ ರಾತ್ರಿ ಅವನು ಒಬ್ಬ ಬಂಟನ ಎಡ ಮುಂಗೈಯ ಗುರುತನ್ನು ಮುಟ್ಟುತ್ತಾನೆ. ಎಲ್ಲರ ಕೈಯ ಗುರುತೂ ಸುಡುತ್ತದೆ. ಅವರು ಓಡಿಬಂದು ಮೊಣಕಾಲೂರಿ ಅವನ ನಿಲುವಂಗಿಯ ಅಂಚಿಗೆ ಮುತ್ತಿಡುತ್ತಾರೆ. ವೃತ್ತಾಕಾರದಲ್ಲಿ ನಿಲ್ಲುತ್ತಾರೆ, ಬಾರದವರ ಜಾಗ ಖಾಲಿ ಬಿಟ್ಟು. ಅವನು ಖಾಲಿ ಜಾಗಗಳ ಮುಂದೆ ನಡೆಯುತ್ತಾ ಲೆಕ್ಕ ಒಪ್ಪಿಸುತ್ತಾನೆ: ಮೂವರು ಸತ್ತರು, ಒಬ್ಬ ಹೇಡಿ, ಒಬ್ಬ ಶಾಶ್ವತವಾಗಿ ಬಿಟ್ಟುಹೋದ, ಒಬ್ಬ ಎಲ್ಲರಿಗಿಂತ ನಿಷ್ಠ. ಬಂದವರನ್ನು ಅವನು ಕೇಳುವುದು ಒಂದೇ ಪ್ರಶ್ನೆ, ನನ್ನನ್ನು ಯಾಕೆ ಹುಡುಕಲಿಲ್ಲ? ಅಂದು ಅವನು ಯಾರನ್ನೂ ಬೂದಿ ಮಾಡುವುದಿಲ್ಲ. ಕಾಲಿಗೆ ಬಿದ್ದು ಕ್ಷಮೆ ಬೇಡಿದ ಒಬ್ಬನನ್ನು ಚಿತ್ರಹಿಂಸೆಗೆ ಗುರಿಪಡಿಸಿ, ಹದಿಮೂರು ವರ್ಷದ ಸಾಲ ತೀರಿಸಿದ ಮೇಲೆ ಕ್ಷಮಿಸುತ್ತೇನೆ ಎನ್ನುತ್ತಾನೆ. ಕೊಂದಿದ್ದರೆ ಲೆಕ್ಕ ಅಲ್ಲಿಗೆ ಚುಕ್ತಾ ಆಗುತ್ತಿತ್ತು. ಬದುಕಿಸಿ ಸಾಲಗಾರನಾಗಿ ಇಟ್ಟುಕೊಂಡ. ನಿಮ್ಮ ಅಗ್ನಿಕೇತು ಕೊಂದ ಮೂವರಲ್ಲಿ ಒಬ್ಬನನ್ನಾದರೂ ಹೀಗೆ ಬದುಕಿಸಿಟ್ಟಿದ್ದರೆ ಓದುಗರು ಇನ್ನೂ ಅವನನ್ನು ಕಂಡು ನಡುಗುತ್ತಿದ್ದರು.

ಆ ವೃತ್ತದಲ್ಲಿ ನಿಂತವರು, ನಿಲ್ಲದವರು ಒಬ್ಬೊಬ್ಬರೂ ಒಂದೊಂದು ಕಾರಣಕ್ಕೆ ಅವನಿಗೆ ಕಟ್ಟುಬಿದ್ದಿದ್ದಾರೆ. ಲೂಸಿಯಸ್‌ಗೆ ಮನೆತನದ ಮೆರವಣಿಗೆ ಬೇಕು. ಬೆಲಾಟ್ರಿಕ್ಸ್‌ಗೆ ಅದು ಭಕ್ತಿ. ಒಡೆಯನನ್ನು ಅಲ್ಲಗಳೆಯುವ ಬದಲು ಅವಳು ಅಜ್ಕಬಾನ್ ಸೆರೆಮನೆಗೆ ಹೋದವಳು. ಬಾರ್ಟಿ ಕ್ರೌಚ್‌ನ ಮಗನಿಗೆ ಬೇಕಾಗಿದ್ದವನು ಒಬ್ಬ ತಂದೆ. ಹೆತ್ತ ತಂದೆ ಅವನನ್ನು ನ್ಯಾಯಾಲಯದಲ್ಲಿಯೇ ತೊರೆದಿದ್ದ. ಪೀಟರ್ ಪೆಟಿಗ್ರೂಗೆ ಬಲಿಷ್ಠನೊಬ್ಬನ ನೆರಳು ಸಾಕು. ತೋಳ ಮನುಷ್ಯ ಗ್ರೇಬ್ಯಾಕ್‌ಗೆ ಬೇಟೆ ಬೇಕು. ಕೆಲಸ ಬಿದ್ದಾಗ ಡೆತ್ ಈಟರ್‌ಗಳ ನಿಲುವಂಗಿ ತೊಡಲು ಬಿಡುತ್ತಾರೆಯೇ ಹೊರತು ಅವನ ಕೈಗೆ ಆ ಗುರುತನ್ನು ಹಾಕುವುದಿಲ್ಲ, ಹೊಸಿಲಾಚೆಯೇ ನಿಲ್ಲಿಸಿರುತ್ತಾರೆ. ಹೊಸಿಲಾಚೆ ನಿಂತವನ ಆಸೆ ಎಷ್ಟು ಕೆಲಸ ಮಾಡಿಸಬಲ್ಲದು ಎಂಬುದನ್ನು ನಮ್ಮ ಲೇಖಕರು ಸಾಕಷ್ಟು ಬಳಸಿಕೊಂಡಿಲ್ಲ ಎಂದು ನನಗೆ ಅನ್ನಿಸುತ್ತದೆ.

ಅವರಿಗೆ ಹಿಂದಿರುಗುವ ದಾರಿಯೂ ಇಲ್ಲ. ಕಾರ್ಕರಾಫ್ ಎಂಬ ಡೆತ್ ಈಟರ್ ನ್ಯಾಯಾಲಯದಲ್ಲಿ ಜೊತೆಗಾರರ ಹೆಸರು ಹೇಳಿ ಬಿಡುಗಡೆ ಪಡೆದ. ಗುರುತು ಸುಟ್ಟ ರಾತ್ರಿ ತಪ್ಪಿಸಿಕೊಂಡು ಓಡಿದ. ಅವನ ಹೆಣ ಸಿಕ್ಕ ಸುದ್ದಿ ಆರನೆಯ ಸಂಪುಟದಲ್ಲಿ ಮಾತಿನ ನಡುವೆ ಬಂದುಹೋಗುತ್ತದೆ. ಅತ್ತ ದರಿ, ಇತ್ತ ಪುಲಿ. ಒಡೆಯನ ಕಡೆ ಸಾವಿದೆ, ಎದುರು ಕಡೆ ತಾವು ಮಾಡಿದ ಪಾಪದ ಲೆಕ್ಕವಿದೆ. ಅಗ್ನಿಕೇತುವಿನ ದಳಪತಿಗಳು ಈವರೆಗೆ ಮಾಡಿದ ಯಾವ ಕೃತ್ಯವನ್ನು ನಿಮ್ಮ ನಾಯಕಿಯ ಕಡೆಯವರು ಎಂದೂ ಕ್ಷಮಿಸಲಾರರು? ನಾಲ್ವರಿಗೂ ಬೇರೆ ಬೇರೆ ಉತ್ತರ ಬರೆದಿಟ್ಟುಕೊಳ್ಳಿ. ನಾಲ್ವರೂ ಸೇರಿ ಅವನನ್ನು ಕೊಲ್ಲದಿರಲು ಕಾರಣವೂ ಅದರಲ್ಲೇ ಸಿಗುತ್ತದೆ. ಒಟ್ಟುಗೂಡಬೇಕಾದರೆ ಒಬ್ಬ ಬಾಯಿ ಬಿಡಬೇಕು, ಬಾಯಿ ಬಿಟ್ಟವನನ್ನು ಮಾರಿಕೊಂಡು ಉಳಿದ ಮೂವರು ಒಡೆಯನ ಕೃಪೆ ಪಡೆಯಬಹುದು. ಒಬ್ಬರ ಗುಟ್ಟು ಇನ್ನೊಬ್ಬರಿಗೆ ತಿಳಿಯದಂತೆ ಅಗ್ನಿಕೇತು ಎಚ್ಚರವಹಿಸಿದರೆ ಸಾಕು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ನೀವು ಕನ್ನಡದಲ್ಲಿ ಬರೆಯುತ್ತಿದ್ದೀರಿ, ಒಡೆಯನಿಗೂ ಬಂಟನಿಗೂ ಇರುವ ನಂಟಿಗೆ ನಮ್ಮಲ್ಲಿ ಬಹಳ ಹಳೆಯ ಮಾತುಗಳಿವೆ. ಜೋಳವಾಳಿ ಎಂದರೆ ಉಂಡ ಅನ್ನದ ಋಣಕ್ಕೆ ಹೋರಾಡುವುದು. ವೇಳೆವಾಳಿ ಎಂದರೆ ಒಡೆಯನಿಗಾಗಿ ಸಾಯುತ್ತೇನೆಂದು ಮಾತು ಕೊಟ್ಟಿರುವುದು. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಆವರಣದಲ್ಲಿರುವ ಗರುಡಗಂಬವನ್ನು ನೋಡದಿದ್ದರೆ ಒಮ್ಮೆ ನೋಡಿಬನ್ನಿ. ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳ ತೀರಿಕೊಂಡಾಗ ಅವನ ಗರುಡನಾಗಿದ್ದ, ಅಂದರೆ ಒಡೆಯನೊಂದಿಗೇ ಸಾಯುವ ಆಣೆ ಹೊತ್ತ ಅಂಗರಕ್ಷಕನಾಗಿದ್ದ ಕುವರಲಕ್ಷ್ಮ ಹೆಂಡತಿ ಮತ್ತು ಸಂಗಡಿಗರೊಂದಿಗೆ ಪ್ರಾಣ ಕೊಟ್ಟದ್ದನ್ನು ಅದು ನೆನೆಯುತ್ತದೆ. ಕರ್ಣನಿಗೆ ಕೃಷ್ಣ ಹುಟ್ಟಿನ ಗುಟ್ಟನ್ನು ಹೇಳಿ ರಾಜ್ಯವನ್ನೇ ಮುಂದಿಟ್ಟರೂ ಅವನು ದುರ್ಯೋಧನನನ್ನು ಬಿಡಲಿಲ್ಲ. ಸೂತನ ಮಗನೆಂದು ಎಲ್ಲರೂ ಹೀಯಾಳಿಸಿದ ದಿನ ಅಂಗರಾಜ್ಯ ಕೊಟ್ಟು ಪಕ್ಕದಲ್ಲಿ ಕೂರಿಸಿಕೊಂಡವನು ಅವನು. ದುರ್ಯೋಧನ ಕರ್ಣನಿಂದ ತನ್ನ ಆಸೆಯನ್ನು ಮುಚ್ಚಿಟ್ಟಿರಲಿಲ್ಲ ಎಂಬುದನ್ನೂ ಗಮನಿಸಿ. ಋಣದ ನಂಟಿಗೆ ಸುಳ್ಳಿನ ಅಗತ್ಯವಿಲ್ಲ. ವೊಲ್ಡೆಮಾರ್ಟ್‌ನದು ಬೇರೆ ಜಾತಿಯ ಹಿಡಿತ; ಅವನು ಯಾರಿಗೂ ಋಣಿಯಲ್ಲ, ಯಾರನ್ನೂ ಗೆಳೆಯನೆಂದು ಬಯಸಿದವನಲ್ಲ. ನಿಮ್ಮ ದಳಪತಿಗಳಲ್ಲಿ ಒಬ್ಬನನ್ನಾದರೂ ಉಪ್ಪಿನ ಋಣದವನನ್ನಾಗಿ ಮಾಡಿ. ಒಡೆಯ ಕೆಟ್ಟವನೆಂದು ತಿಳಿದೂ ಉಳಿಯುವವನು ಅವನೊಬ್ಬನೇ ಆಗಿರಲಿ. ನಮ್ಮ ಓದುಗರಿಗೆ ಅವನು ಮೊದಲ ಸಾಲಿನಲ್ಲೇ ಅರ್ಥವಾಗುತ್ತಾನೆ, ಅವನ ಸಾವು ಬೇರೆಲ್ಲರ ಸಾವಿಗಿಂತ ಹೆಚ್ಚು ನೋಯಿಸುತ್ತದೆ.

ಹಿಡಿತ ಎಲ್ಲಿ ಸಡಿಲುತ್ತದೆ ಎಂಬುದಕ್ಕೆ ಬರುತ್ತೇನೆ. ಈ ಸರಣಿಯಲ್ಲಿ ನಾನು ಹೆಚ್ಚು ಮೆಚ್ಚುವ ಭಾಗ ಇದು. ವೊಲ್ಡೆಮಾರ್ಟ್‌ನನ್ನು ಒಳಗಿನಿಂದ ಕೈಬಿಟ್ಟವರು ಮುಖ್ಯವಾಗಿ ಮೂವರು. ರೆಗ್ಯುಲಸ್ ಬ್ಲ್ಯಾಕ್ ತನ್ನ ಮನೆಯ ಆಳು ಕ್ರೀಚರ್‌ನನ್ನು ಒಡೆಯನ ಕೆಲಸಕ್ಕೆ ಕಳಿಸಿಕೊಟ್ಟ. ಒಡೆಯ ವಿಷದ ಪಾನೀಯವನ್ನು ಪರೀಕ್ಷಿಸಲು ಕ್ರೀಚರ್‌ನನ್ನು ಬಳಸಿಕೊಂಡು, ಸಾಯಲೆಂದು ಒಂದು ಗುಹೆಯಲ್ಲೇ ಬಿಟ್ಟುಬಂದದ್ದು ತಿಳಿದಾಗ ರೆಗ್ಯುಲಸ್ ತಿರುಗಿಬಿದ್ದ, ಆ ಗುಹೆಯಲ್ಲೇ ಪ್ರಾಣ ಬಿಟ್ಟ. ಸೆವೆರಸ್ ಸ್ನೇಪ್ ತಾನು ಪ್ರೀತಿಸಿದ ಹೆಣ್ಣಿನ ಪ್ರಾಣಭಿಕ್ಷೆಯನ್ನು ಒಡೆಯನಲ್ಲಿ ಬೇಡಿದ್ದ; ಒಡೆಯ ಅವಳನ್ನು ಕೊಂದ ಮೇಲೆ ಅವನು ಉಳಿದ ಬದುಕನ್ನೆಲ್ಲ ಎದುರಾಳಿಗೆ ಬರೆದುಕೊಟ್ಟ. ಲೂಸಿಯಸ್‌ನ ಹೆಂಡತಿ ನಾರ್ಸಿಸಾ ಮಾಲ್‌ಫಾಯ್ ಕೊನೆಯ ಸಂಪುಟದಲ್ಲಿ, ಕಾಡಿನ ನಡುವೆ ಬಿದ್ದಿರುವ ಹ್ಯಾರಿಯ ಎದೆಯ ಮೇಲೆ ಕೈಯಿಟ್ಟು, ತನ್ನ ಮಗ ಬದುಕಿದ್ದಾನೆಯೇ ಎಂದು ಪಿಸುಗುಡುತ್ತಾಳೆ. ಹೌದೆಂಬ ಉತ್ತರ ಸಿಕ್ಕಿದೊಡನೆ ಎದ್ದು, ಈ ಹುಡುಗ ಸತ್ತಿದ್ದಾನೆ ಎಂದು ಒಡೆಯನಿಗೆ ಹಸಿ ಸುಳ್ಳು ಹೇಳುತ್ತಾಳೆ. ಅವಳ ಗಂಡನ ತಪ್ಪಿಗೆ ಶಿಕ್ಷೆಯಾಗಿ ಹದಿನಾರರ ಹರೆಯದ ಮಗನಿಗೆ ಕೊಲೆಯ ಕೆಲಸ ಒಪ್ಪಿಸಿದ್ದು ಅದೇ ಒಡೆಯ. ಅವರ ಮನೆಯನ್ನೇ ತನ್ನ ಠಾಣ್ಯ ಮಾಡಿಕೊಂಡು, ಎಲ್ಲರೆದುರು ಗಂಡನ ಮಂತ್ರದಂಡವನ್ನು ಕಿತ್ತುಕೊಂಡವನೂ ಅವನೇ.

ಒಬ್ಬ ಮನೆಯಾಳು, ಒಬ್ಬ ಹೆಣ್ಣು, ಒಬ್ಬ ಮಗ. ಮೂರು ಸಲವೂ ಅವನು ಮುಟ್ಟಿದ್ದು ಹಿಂಬಾಲಕನೊಬ್ಬ ಜೀವದಂತೆ ಹಚ್ಚಿಕೊಂಡ ಇನ್ನೊಂದು ಜೀವವನ್ನು. ಮೂರು ಸಲವೂ ಅದರ ಬೆಲೆ ಅವನಿಗೆ ಗೊತ್ತಾಗಲೇ ಇಲ್ಲ, ಏಕೆಂದರೆ ಯಾರನ್ನೂ ಹಚ್ಚಿಕೊಂಡವನಲ್ಲ ಅವನು. ಅವನಿಗೆ ಬೇಕಾಗಿದ್ದದ್ದು ತಾನೊಬ್ಬನೇ ಸಾಯದೆ ಉಳಿಯುವುದು. ಆದ್ದರಿಂದ ಬೇರೊಬ್ಬರಿಗಾಗಿ ಸಾಯಬಲ್ಲವರು ಅವನ ಲೆಕ್ಕಕ್ಕೆ ಸಿಗಲಿಲ್ಲ. ಅವನನ್ನು ಮೇಲೆತ್ತಿದ ಆಸೆಯೇ ಅವನ ಕಣ್ಣನ್ನೂ ಕಟ್ಟಿತು. ಖಳನ ಉದ್ದೇಶವನ್ನೂ ಅವನ ಹಿಡಿತವನ್ನೂ ಬೇರೆ ಬೇರೆಯಾಗಿ ಯೋಚಿಸಬೇಡಿ ಎಂದು ನಾನು ಹೇಳುವುದು ಇದಕ್ಕೇ. ಅಗ್ನಿಕೇತು ಯಾವುದಕ್ಕೆ ಹಂಬಲಿಸುತ್ತಾನೆ ಎಂದು ತೀರ್ಮಾನವಾದ ದಿನವೇ ಅವನಿಗೆ ಯಾವುದು ಕಾಣಿಸುವುದಿಲ್ಲ ಎಂಬುದೂ ತೀರ್ಮಾನವಾಗುತ್ತದೆ.

ಗುಟ್ಟು ಬಯಲಾಗುವ ಹೊತ್ತು ಹೇಗಿರಬೇಕು ಎನ್ನುವಿರಾದರೆ, ಬಟ್ಟಲು ಕಳುವಾದ ಸುದ್ದಿ ಬಂದ ಗಳಿಗೆಯನ್ನು ನೋಡಿ. ವೊಲ್ಡೆಮಾರ್ಟ್ ಕೋಪದಲ್ಲಿ ಎದುರಿಗೆ ಸಿಕ್ಕವರನ್ನೆಲ್ಲ ಕೊಲ್ಲುತ್ತಾನೆ. ಬೆಲಾಟ್ರಿಕ್ಸ್ ಮತ್ತು ಲೂಸಿಯಸ್ ಉಳಿದವರನ್ನು ಹಿಂದಕ್ಕೆ ತಳ್ಳಿ ಬಾಗಿಲ ಕಡೆ ಓಡುತ್ತಾರೆ. ಇಲ್ಲಿಯೂ ಅವನು ತನ್ನವರನ್ನೇ ಕೊಂದ, ನಿಮ್ಮ ಅಗ್ನಿಕೇತುವಿನಂತೆ. ಆದರೆ ಈ ಕೊಲೆಗಳಿಂದ ಓದುಗರಿಗೆ ಹೊಸದೊಂದು ತಿಳಿಯುತ್ತದೆ: ಅವನು ಹೆದರಿದ್ದಾನೆ. ಮುಂದೆ ಸ್ನೇಪ್‌ನನ್ನು ಕೊಲ್ಲಿಸುವಾಗಲೂ ಅಷ್ಟೇ. ಸ್ನೇಪ್ ಯಾವ ತಪ್ಪಿಗೂ ಸಾಯುವುದಿಲ್ಲ; ಒಂದು ಮಂತ್ರದಂಡ ತನ್ನ ಮಾತು ಕೇಳಲಿ ಎಂದು ವೊಲ್ಡೆಮಾರ್ಟ್ ತನ್ನ ಅತ್ಯಂತ ಉಪಯುಕ್ತ ಬಂಟನನ್ನು ಹಾವಿಗೆ ಒಪ್ಪಿಸುತ್ತಾನೆ. ದಳಪತಿಯ ಸಾವು ಅಗ್ನಿಕೇತುವಿನ ಬಗ್ಗೆ ಮೊದಲು ತಿಳಿಯದ ಒಂದು ಸಂಗತಿಯನ್ನು ಹೇಳುವುದಾದರೆ ಮಾತ್ರ ಬರೆಯಿರಿ. ನಿಮ್ಮ ಎರಡನೆಯ, ಮೂರನೆಯ ದಳಪತಿಗಳ ಸಾವು ಮೊದಲನೆಯವನ ಸಾವು ಹೇಳಿದ್ದನ್ನೇ ಮತ್ತೆ ಹೇಳಿತು.

ಖಳನ ಬಯಕೆ ಕಥೆಯ ನಡುವೆ ಬದಲಾಗಬಾರದೆಂಬ ನಿಯಮವೇನೂ ಇಲ್ಲ. ಹನ್ನೆರಡನೆಯ ಶತಮಾನದ ನಾಗಚಂದ್ರ ತನ್ನ ರಾಮಾಯಣದಲ್ಲಿ ರಾವಣನ ಮನಸ್ಸನ್ನು ತಿರುಗಿಸಿದ. ಸೀತೆಯ ನಿಲುವನ್ನು ಕಂಡು ಅವನ ಮೋಹ ಕರಗುತ್ತದೆ. ಆದರೆ ಈಗಲೇ ಒಪ್ಪಿಸಿದರೆ ಹೆದರಿದನೆಂದು ಲೋಕ ಆಡಿಕೊಳ್ಳುತ್ತದೆ, ಗೆದ್ದು ಆಮೇಲೆ ಒಪ್ಪಿಸುತ್ತೇನೆಂದು ಯುದ್ಧಕ್ಕೆ ನಡೆಯುತ್ತಾನೆ. ಯಾವುದಕ್ಕಾಗಿ ಯುದ್ಧ ಶುರುವಾಯಿತೋ ಅದು ಅವನಿಗೆ ಇನ್ನು ಬೇಕಿಲ್ಲ, ಸೈನ್ಯ ಮಾತ್ರ ಸಾಯುತ್ತಲೇ ಇದೆ. ಇಂಥ ದೊರೆಯ ದಳಪತಿಗೆ ಈ ಸತ್ಯ ತಿಳಿದರೆ ಏನಾಗಬಹುದು ಎಂದು ಯೋಚಿಸಿ ನೋಡಿ.

ನಿಮ್ಮ 42ನೆಯ ಕಂತಿಗೆ ನನ್ನ ಸಲಹೆ ಹೀಗಿದೆ. ಸದ್ಯಕ್ಕೆ ಯಾರನ್ನೂ ಕೊಲ್ಲಬೇಡಿ. ಉಳಿದ ನಾಲ್ವರಲ್ಲಿ ಒಬ್ಬ ಕೆಲಸ ಕೆಡಿಸಿಕೊಂಡು ಬರಲಿ, ಸಾಯಲು ಸಿದ್ಧನಾಗಿಯೇ ಬರಲಿ. ಅಗ್ನಿಕೇತು ಅವನನ್ನು ಕ್ಷಮಿಸಲಿ. ಪಕ್ಕದಲ್ಲಿ ಕೂರಿಸಿಕೊಂಡು ಊಟ ಹಾಕಿಸಲಿ, ಮನೆಯಲ್ಲಿ ಮಗಳು ಹೇಗಿದ್ದಾಳೆಂದು ಹೆಸರು ಹಿಡಿದು ವಿಚಾರಿಸಲಿ. ಆ ಮಗಳ ಹೆಸರನ್ನು ದಳಪತಿ ಈವರೆಗೆ ಯಾರಿಗೂ ಹೇಳಿರಬಾರದು. ಅವನು ಬಿಡಾರಕ್ಕೆ ಮರಳಿದಾಗ ಉಳಿದ ಮೂವರು ಬಾಗಿಲಲ್ಲಿ ಕಾದು ನಿಂತಿರುತ್ತಾರೆ, ಇವನು ಬದುಕಿ ಬರಲು ಯಾರನ್ನು ಮಾರಿಬಂದನೋ ಎಂಬ ಅನುಮಾನ ಹೊತ್ತು. ಏನಾಯಿತು ಎಂದು ಅವರು ಕೇಳುತ್ತಾರೆ. ಊಟ ಹಾಕಿಸಿದ ಎಂಬ ನಿಜವನ್ನು ಅವನು ಹೇಳುತ್ತಾನೆ, ಅವರಲ್ಲಿ ಒಬ್ಬರೂ ಅದನ್ನು ನಂಬುವುದಿಲ್ಲ. ಅಲ್ಲಿಗೆ ಕಂತನ್ನು ನಿಲ್ಲಿಸಿ.